ಡೊಲೊರೆಸ್ ಮತ್ತು ನಮ್ಮ ಪೊಲೀಸ್ ಬೈಕ್ ಕ್ಲಬ್ಬು

ಪೈನ್ ಫೆರಿ, ಮೇನ್
೧೪ ಅಕ್ಟೋಬರ್ ೨೦೦೯

ಪ್ರೀತಿಯ ಕ್ಯಾರಿನ್,

ನೀನೂ ಲೂಕನೂ ಸುಖವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ತಿಂಗಳಾಯಿತು. ತಡವಾಯಿತೆಂದು ಬೇಸರಪಡಬೇಡ ಮಗಳೇ, ಇಲ್ಲಿ ಡೊಲೊರೆಸ್ ಪಿಂಕಮ್ ತೀರಿಕೊಂಡಳು. ಮಣ್ಣು ಮಾಡಿ ಬಂದು ಚರ್ಚಿನ ಹಾಲ್‌ನಲ್ಲಿ ಊಟಕ್ಕೆ ಕೂತಾಗ, "ನಾರ್ಮನ್, ಮೊದಲಿಂದ ಇದ್ದೋರಲ್ಲಿ ನೀನೊಬ್ಬನೇ ಉಳಿದಿರೋದು. ಕ್ಲಬ್ಬಿನ ಕಥೆ ಹೇಳು" ಎಂದರು ಕ್ಲಬ್ಬಿನವರು. ಹೇಳುತ್ತ ಹೇಳುತ್ತ ಅರ್ಧಕ್ಕೇ ನಿಲ್ಲಿಸಿ ಕೂತುಬಿಟ್ಟೆ. ಲೂಕ್ ಪೊಲೀಸ್ ತರಬೇತಿಗೆ ಸೇರಿದ್ದಾನೆ, ಅಜ್ಜನ ಕ್ಲಬ್ಬಿನ ಬಗ್ಗೆ ಕೇಳುತ್ತಿರುತ್ತಾನೆ ಎಂದು ಬರೆದಿದ್ದೆಯಲ್ಲ, ಅವನಿಗೂ ಓದಿ ಹೇಳು.

ಎಪ್ಪತ್ತೈದನೇ ಇಸವಿಯಲ್ಲಿ ಬೈಕ್ ಓಡಿಸುವವನೆಂದರೆ ಪುಂಡನೆಂದೇ ಲೆಕ್ಕ. ರಜೆಯ ದಿನ ನಾವು ಐದಾರು ಪೊಲೀಸರು ಚರ್ಮದ ಜಾಕೆಟ್ ತೊಟ್ಟು ಹೋಟೆಲಿಗೆ ಹೋದರೆ ತಾಯಂದಿರು ಮಕ್ಕಳನ್ನು ಮಗ್ಗುಲಿಗೆ ಎಳೆದುಕೊಳ್ಳುತ್ತಿದ್ದರು. "ವಾರವೆಲ್ಲ ಪುಂಡರನ್ನ ಹಿಡೀತೀರಿ, ಭಾನುವಾರ ನೀವೇ ಪುಂಡರಾಗ್ತೀರಿ" ಎಂದು ನಮ್ಮ ಸಾಹೇಬ ಹಂಗಿಸಿದ. ಆ ಮಾತಿನ ಉರಿಗೇ ಕ್ಲಬ್ಬು ಹುಟ್ಟಿತು. ಕುಡಿದು ಬೈಕ್ ಹತ್ತುವಂತಿಲ್ಲ, ಹೆಂಡತಿ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಬರುವಂತಿಲ್ಲ ಎಂದು ನಾವೇ ಕಟ್ಟಳೆ ಹಾಕಿಕೊಂಡೆವು.

ಆರು ವರ್ಷದ ಮೇಲೆ ಡೊಲೊರೆಸ್ ಬಂದಳು. ಶೆರಿಫ್ ಕಚೇರಿಯಲ್ಲಿ ಪೊಲೀಸ್ ಕೆಲಸ, ಸ್ವಂತ ಬೈಕು. "ಹೆಂಗಸಾ? ಹಿಂದಿನ ಸೀಟಲ್ಲಿ ಕೂತು ಬರಲಿ" ಎಂದ ನಮ್ಮ ಅಧ್ಯಕ್ಷ ಹಾರ್ವೆ. ವೋಟು ಹಾಕಿ ಬೇಡವೆಂದೆವು.

"ಕ್ಲಬ್ಬು ನಿಮ್ಮದು, ಒಪ್ಪಿದೆ. ರಸ್ತೆ ನಿಮ್ಮಪ್ಪಂದಲ್ಲವಲ್ಲ" ಎಂದು ಹೋದಳು.

ಅಂದಿನಿಂದ ಪ್ರತಿ ಭಾನುವಾರ ನಮ್ಮ ಹಿಂದೆ ಒಂದಿಷ್ಟು ದೂರದಲ್ಲಿ ಬರುತ್ತಿದ್ದಳು. ಒಮ್ಮೆ ಹಾರ್ವೆ ಸಾಲಿನ ಕೊನೆಯಲ್ಲಿದ್ದವನು ಜಲ್ಲಿ ರಸ್ತೆಯ ತಿರುವಿನಲ್ಲಿ ಜಾರಿಬಿದ್ದ. ನಮಗೆ ಗೊತ್ತೇ ಆಗಲಿಲ್ಲ. ಅವನು ಕಾಣದೆ ವಾಪಸು ಬಂದು ನೋಡಿದರೆ, ಡೊಲೊರೆಸ್ ತನ್ನ ಬೆಲ್ಟ್ ಬಿಚ್ಚಿ ಅವನ ತೊಡೆಗೆ ಬಿಗಿದು ರಕ್ತ ನಿಲ್ಲಿಸಿ ಕೂತಿದ್ದಳು.

"ಏನಯ್ಯಾ ಅಧ್ಯಕ್ಷ, ನನ್ನ ಹಿಂದಿನ ಸೀಟು ಖಾಲಿ ಇದೆ. ಕೂತ್ಕೋತೀಯಾ?" ಎಂದು ಕೇಳುತ್ತಿದ್ದಳು. ಅವನು ಆ ನೋವಿನಲ್ಲೂ ನಕ್ಕ. ಆಸ್ಪತ್ರೆಯ ಹಾಸಿಗೆಯಲ್ಲಿದ್ದುಕೊಂಡೇ ಮತ್ತೆ ವೋಟು ಹಾಕಿಸಿದ. ಕೆಲವು ವರ್ಷಕ್ಕೆ ಅವಳೇ ಅಧ್ಯಕ್ಷೆಯಾದಳು.

ಅಲ್ಲಿಯವರೆಗೆ ಪೊಲೀಸನೊಬ್ಬ ಸತ್ತರೆ ಬೈಕುಗಳ ಮೆರವಣಿಗೆ ಮಾಡಿ ನಾವು ಕೈತೊಳೆದುಕೊಳ್ಳುತ್ತಿದ್ದೆವು. "ಮೆರವಣಿಗೆ ಸತ್ತೋನಿಗೆ. ಚಳಿಗಾಲ ಕಳೀಬೇಕಾಗಿರೋದು ಇರೋರು" ಎಂದಳು ಡೊಲೊರೆಸ್. ಆಮೇಲೆ ಸತ್ತವನ ಮನೆಯ ಮುಂದಿನ ಹಿಮ ಗೋರುವುದು, ಸೌದೆ ಒಡೆಯುವುದು ಚಳಿಗಾಲವಿಡೀ ಕ್ಲಬ್ಬಿನ ಕೆಲಸವಾಯಿತು. ಇವತ್ತು ಅಕ್ಕಪಕ್ಕದ ರಾಜ್ಯಗಳಲ್ಲೂ ನಮ್ಮ ಶಾಖೆಗಳಿವೆ, ಅವರೂ ಹಾಗೇ ಮಾಡುತ್ತಾರೆ. ಅಂಥ ಇನ್ನೊಬ್ಬ ಹೆಣ್ಣನ್ನು ನಾನು ಕಾಣಲಿಲ್ಲ.

ಲೂಕನಿಗೆ ಒಳ್ಳೆಯ ಜೊತೆಗಾರರು ಸಿಗಲಿ. ದೇವರು ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ ಮಾವ,
ನಾರ್ಮನ್ ಔಲೆಟ್

ಮರೆತ ಮಾತು: ಮರೆತದ್ದಲ್ಲ, ಹಾಲ್‌ನಲ್ಲಿ ಬಾಯಿಗೆ ಬಾರದೇ ಹೋದದ್ದು. ನನ್ನ ಮಗ ಡೆನಿಸ್ ತಾನಾಗಿಯೇ ಜೀವ ಕಳೆದುಕೊಂಡಾಗ, ಅದು ಕರ್ತವ್ಯದ ಸಾವಲ್ಲವೆಂದು ಇಲಾಖೆ ಗೌರವ ಕೊಡಲಿಲ್ಲ. ಕ್ಲಬ್ಬಿನಲ್ಲೂ ಕೆಲವರು ಹಿಂದೇಟು ಹಾಕಿದರು. "ಹೇಗೆ ಸತ್ತ ಅಂತ ನಾನು ಕೇಳ್ತಿಲ್ಲ. ನಮ್ಮೋನು ಹೌದೋ ಅಲ್ಲವೋ, ಅಷ್ಟು ಹೇಳಿ" ಎಂದಳು ಡೊಲೊರೆಸ್. "ನನ್ನ ಗಂಡನಿಗಾಗಿ ಒಬ್ಬನೂ ಬರಲಿಲ್ಲ" ಎಂದು ನೊಂದು ನೀನು ಈ ಊರು ಬಿಟ್ಟೆ. ನಾನು ಅವನ ಹೆಸರೆತ್ತಿದಾಗಲೆಲ್ಲ ನೀನು ಮಾತು ಬದಲಿಸಿದೆ. ಅವರು ಬಂದಿದ್ದರು, ಕ್ಯಾರಿನ್. ನೀನು ಹಸುಗೂಸನ್ನು ಮಲಗಿಸಿಕೊಂಡು ಒಳಗಿದ್ದೆ. ಮಗು ಬೆಚ್ಚಬಾರದೆಂದು ದಿಣ್ಣೆಯ ಕೆಳಗೇ ಎಂಜಿನ್ ಆಫ್ ಮಾಡಿ, ಬೈಕುಗಳನ್ನು ತಳ್ಳಿಕೊಂಡು ನಿನ್ನ ಬಾಗಿಲ ಮುಂದೆ ಸಾಲಾಗಿ ಹಾದುಹೋದರು. ಎಲ್ಲರಿಗಿಂತ ಮುಂದೆ ನಾನಿದ್ದೆ. ನಾನು ತಳ್ಳುತ್ತಿದ್ದದ್ದು ಡೆನಿಸನ ಬೈಕು.