ಅಪ್ಪನ ಆರನೇ ಉತ್ತರ

ಯಲಬುರ್ಗಾ
ಭಾನುವಾರ, 14 ಸೆಪ್ಟೆಂಬರ್ 2025

ಪ್ರೀತಿಯ ಮಗಳು ಸುರೇಖಾಳಿಗೆ,

ನಿನ್ನ ಅವ್ವನ ಆಶೀರ್ವಾದ. ದಿನಾ ಫೋನಿನಲ್ಲಿ ಮಾತಾಡುವವಳು ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ, ನಾವಿಬ್ಬರೂ ಆರಾಮಾಗಿದ್ದೇವೆ. ಫೋನು ಬಂದಾಗಲೆಲ್ಲ ನಿಮ್ಮಪ್ಪ ಸ್ಪೀಕರ್ ಹಾಕಿಸಿ ಪಕ್ಕದಲ್ಲೇ ಕೂತಿರುತ್ತಾರೆ. ಅವರೆದುರು ಹೇಳಲಾಗದ ಮಾತೊಂದಿದೆ. ಗುರುವಾರ ನೀನು ಹೇಳಿದ್ದನ್ನು ಕೇಳಿದ ಮೇಲೆ ಇನ್ನು ಮುಚ್ಚಿಡುವುದು ಸರಿಯಲ್ಲ ಅನ್ನಿಸಿ, ಅವರು ಮಲಗಿದ ಈ ಮಧ್ಯಾಹ್ನ ಬರೆಯಲು ಕೂತಿದ್ದೇನೆ.

ನಮ್ಮ ಮನೆಯಲ್ಲಿರುವಂಥ ಸಣ್ಣ ಕಾರನ್ನು ನಿಮ್ಮ ಕಂಪನಿ ಇನ್ನು ಮಾಡುವುದಿಲ್ಲ, ಅದರ ಜಾಗಕ್ಕೆ ಎಂಥದ್ದು ಬರಬೇಕು ಎಂದು ಇಪ್ಪತ್ತಾರನೇ ತಾರೀಖು ನೀವು ದೊಡ್ಡವರ ಮುಂದೆ ಹೇಳಬೇಕು ಎಂದೆ. ಹಳೆಯ ಗಿರಾಕಿಗಳು ತುಂಬಿ ಕಳಿಸಿದ ಫಾರಂಗಳಲ್ಲೆಲ್ಲ ಅಪ್ಪನ ಆರನೇ ಉತ್ತರವೇ ಚೆನ್ನಾಗಿದೆ, ಅದನ್ನೇ ಮೊದಲ ಹಾಳೆಯಲ್ಲಿ ಹಾಕಿದ್ದೇವೆ ಎಂದು ಸಂತೋಷದಿಂದ ಓದಿಯೂ ತೋರಿಸಿದೆ. ‘ಮುಂದಿನ ಗಾಜಿಗೂ ಬಾಗಿಲಿಗೂ ನಡುವಿನ ಕಂಬ ಬಹಳ ದಪ್ಪ. ಅದರ ಹಿಂದೆ ನಿಂತ ಮನುಷ್ಯ ಪೂರ್ತಿ ಮಾಯವಾಗುತ್ತಾನೆ. ಇದು ನನ್ನ ಸ್ವಂತ ಅನುಭವ. ಹೊಸ ಕಾರಿನಲ್ಲಿ ಮೊದಲು ಇದನ್ನು ಸರಿಪಡಿಸಿರಿ.’ ನೀನು ಓದುತ್ತಿದ್ದಾಗ ನಿಮ್ಮಪ್ಪ ಎದ್ದು ಹಿತ್ತಲಿಗೆ ಹೋದರು. ನಾನು ಹಾಗಂದಾಗ, ನಾಚಿಕೊಂಡರು ಅಂತ ನೀನು ನಕ್ಕೆ. ನಾನೂ ನಕ್ಕಂತೆ ಮಾಡಿದೆ.

ಸುರೇಖಾ, ತಪ್ಪು ಕಂಬದ್ದಲ್ಲ.

ಫೆಬ್ರುವರಿಯಲ್ಲಿ ನಾಯಿ ಅಡ್ಡ ಬಂದು ಬಂಪರ್ ಒಡೆಯಿತು ಎಂದು ಹೇಳಿದ್ದೆವಲ್ಲ, ಅದು ಸುಳ್ಳು. ಬೇವೂರಿನಲ್ಲಿ ನಿನ್ನ ಸೋದರತ್ತೆಯ ಹೊಸ ಮನೆಯ ವಾಸ್ತು ಮುಗಿಸಿಕೊಂಡು ಬರುತ್ತಿದ್ದೆವು. ಮೂರು ಗಂಟೆಯ ಬಿಸಿಲು, ರಸ್ತೆ ಖಾಲಿ. ನಾನು ಅವರ ಪಕ್ಕದ ಸೀಟಿನಲ್ಲಿ ಹೋಳಿಗೆಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಎಡಗಡೆ ಕಡಲೆ ಕಿತ್ತ ಹೊಲದಿಂದ ಹುಲಗಮ್ಮ ಎಂಬ ಹೆಂಗಸು ಏಳೆಂಟು ಆಡು ಹೊಡೆದುಕೊಂಡು ರಸ್ತೆಗೆ ಏರಿದಳು. ಕಾರು ನಿಧಾನವಾಗಲಿಲ್ಲ. ಒಂದು ಆಡಿಗೆ ಬಡಿಯಿತು, ಅದನ್ನು ಎಳೆದುಕೊಳ್ಳಲು ಬಂದ ಹುಲಗಮ್ಮನೂ ಬಿದ್ದಳು. ಆಡು ಅಲ್ಲೇ ಸತ್ತಿತು. ಆಕೆಯ ಮುಂಗೈ ಎಲುಬು ಸೀಳು ಬಿಟ್ಟಿತ್ತು.

ಅದೇ ಕಾರಿನಲ್ಲಿ ಆಕೆಯನ್ನು ಕೊಪ್ಪಳದ ಆಸ್ಪತ್ರೆಗೆ ಕರೆದೊಯ್ದೆವು. ಹಿಂದಿನ ಸೀಟಿನಲ್ಲಿ ನನ್ನ ಭುಜಕ್ಕೆ ಒರಗಿದ ಆಕೆ ದಾರಿಯುದ್ದಕ್ಕೂ ಒಂದೇ ಮಾತು ಅನ್ನುತ್ತಿದ್ದಳು. “ನಾ ಕೈ ಎತ್ತಿ ನಿಂತಿದ್ನಲ್ಲೋ ಯಪ್ಪಾ. ಸಾಹೇಬ್ರು ಗಾಡಿ ನಿಂದರ್ಸ್ತಾರ ಅಂತ ಮಾಡಿದ್ನಿ.”

ನಿಮ್ಮಪ್ಪ ಕನ್ನಡಿಯಲ್ಲಿ ಆಕೆಯನ್ನು ನೋಡಿದರು. “ಗಾಡಿ ಕಂಬದ ಹಿಂದ ಇದ್ದಿರಬೇಕವಾ ನೀ. ನನಗ ಕಾಣಲಿಲ್ಲ,” ಅಂದರು.

ಆಕೆಗೆ ಮಾಡಬೇಕಾದ್ದನ್ನೆಲ್ಲ ಮಾಡಿದೆವು. ಪ್ಲಾಸ್ಟರ್ ಬಿಚ್ಚುವವರೆಗೆ ನಾನೇ ಪ್ರತಿ ಸಲ ಜೊತೆಗೆ ಹೋದೆ. ಈಗ ಕೈ ನೆಟ್ಟಗಾಗಿದೆ, ಆಡು ಕಾಯುತ್ತಾಳೆ. ಕಂಬದ ಮಾತನ್ನು ಆಗ ನಾನೂ ನಂಬಿದೆ. ಮೂವತ್ತನಾಲ್ಕು ವರ್ಷ ಸರ್ವೆ ಮಾಡಿದ ಮನುಷ್ಯ. ಅರ್ಧ ಮೈಲಿ ಆಚೆ ಬದುವಿನ ಕಲ್ಲು ಗೇಣು ಸರಿದಿದ್ದರೂ ಹೇಳುತ್ತಿದ್ದವರು. ಅವರ ಕಣ್ಣನ್ನು ಯಾರು ಅನುಮಾನಿಸುತ್ತಾರೆ?

ಜೂನಿನಲ್ಲಿ ನಿನ್ನ ಫಾರಂ ಬಂತು. ಹೊರಗಿನದು ಎಷ್ಟು ಕಾಣುತ್ತದೆ ಎಂಬ ಆರನೇ ಪ್ರಶ್ನೆಗೆ ನೀನು ಫೋನಿನಲ್ಲೇ ನಮ್ಮನ್ನು ನಿಲ್ಲಿಸಿ ಪರೀಕ್ಷೆ ಮಾಡಿಸಿದ್ದು ನೆನಪಿದೆಯಾ? “ಅಪ್ಪಾ, ನೀವು ಡ್ರೈವರ್ ಸೀಟಿನ್ಯಾಗ ಎದುರಿಗೆ ನೋಡಿಕೋತ ಕೂಡ್ರಿ. ಅವ್ವಾ, ನೀ ಎಡಗಡೆ ಬಾಗಿಲದಿಂದ ಒಂದೊಂದು ಹೆಜ್ಜಿ ಮುಂದ ಬಾ. ಎಲ್ಲಿ ಕಾಣ್ತಾಳ ಅಲ್ಲಿ ಹೇಳ್ರಿ,” ಅಂದೆ. ನಾನು ಒಂದು ಹೆಜ್ಜೆ ಇಟ್ಟೆ. ಕಾಣಲಿಲ್ಲ ಅಂದರು. ಎರಡು ಇಟ್ಟೆ, ಮೂರು ಇಟ್ಟೆ. “ಇನ್ನೂ ಕಂಬದ ಹಿಂದ ಅದಿ,” ಅಂದರು. “ಇಷ್ಟು ದಪ್ಪ ಐತೇನ್ ಪಿಲ್ಲರ್!” ಎಂದು ನೀನು ಅಲ್ಲಿ ಬರೆದುಕೊಳ್ಳುತ್ತಿದ್ದೆ.

ನಾನು ಆಗ ಕಂಬ ದಾಟಿ ಬಂದಾಗಿತ್ತು. ಮುಂದಿನ ಗಾಜಿನ ಎದುರಿಗೆ, ಬಾನೆಟ್ಟಿನ ಮೂಲೆಯಲ್ಲಿ, ಉರಿ ಬಿಸಿಲಿನಲ್ಲಿ ಕೆಂಪು ಸೀರೆ ಉಟ್ಟು ನಿಂತಿದ್ದೆ.

ಅಂದೇ ಸಂಜೆ ಅವರು ಅದೇ ಜಾಗದಲ್ಲಿ ನಿಂತು ಮಲ್ಲಿಗೆ ಬಳ್ಳಿಗೆ ನೀರು ಬಿಡುತ್ತಿದ್ದರು. ಕಾರಿನೊಳಗೆ ಕಸ ತೆಗೆಯುವ ನೆಪದಿಂದ ಅವರ ಸೀಟಿನಲ್ಲಿ ಕೂತು, ನೆಟ್ಟಗೆ ಎದುರಿಗೆ ನೋಡಿದೆ. ಎಡಗಡೆಯ ಅಂಚಿನಲ್ಲಿ ಅವರ ಬಿಳಿ ಬನಿಯನ್, ಕೈಯಲ್ಲಿದ್ದ ಪೈಪು, ಒದ್ದೆಯಾದ ಚಪ್ಪಲಿ ಎಲ್ಲ ಕಂಡವು. ಆ ಸೀಟಿನಿಂದ ಏಳಲು ನನಗೆ ಬಹಳ ಹೊತ್ತು ಬೇಕಾಯಿತು.

ಆಮೇಲೆ ಎರಡು ವಾರ ಅವರನ್ನು ಗಮನಿಸಿದೆ. ಪಕ್ಕದಿಂದ ಚಹಾ ಹಿಡಿದರೆ ಕೈ ಚಾಚುತ್ತಿರಲಿಲ್ಲ, ಎದುರಿಗೆ ತಂದರೆ ತೆಗೆದುಕೊಳ್ಳುತ್ತಿದ್ದರು. ಹೊಸ್ತಿಲ ಬದಿಯ ಸ್ಟೂಲಿಗೆ ದಿನಕ್ಕೊಮ್ಮೆ ಎಡವಿ ನನ್ನನ್ನು ಬಯ್ಯುತ್ತಿದ್ದರು. ಎಷ್ಟೋ ತಿಂಗಳಿಂದ ಹೊತ್ತು ಮುಳುಗಿದ ಮೇಲೆ ಕಾರು ತೆಗೆದೇ ಇರಲಿಲ್ಲ, ಪ್ರತಿ ಸಲವೂ ಒಂದು ಕಾರಣ ಇರುತ್ತಿತ್ತು. ಅವರಿಗೆ ಗೊತ್ತಿತ್ತೋ ಇಲ್ಲವೋ, ಇವತ್ತಿಗೂ ನಾನು ಖಚಿತವಾಗಿ ಹೇಳಲಾರೆ. ಅರ್ಧ ಗೊತ್ತಿದ್ದಿರಬೇಕು.

“ಕೊಪ್ಪಳಕ್ಕ ಹೋಗೂಣ್ರಿ, ನನ್ನ ಚಾಳೀಸು ಬದಲ್ ಮಾಡಸ್ಬೇಕು,” ಅಂದೆ. ಬಸ್ಸಿನಲ್ಲೇ ಹೋಗೋಣ ಎಂದು ಹಟ ಹಿಡಿದೆ. ಕಣ್ಣಿನ ಆಸ್ಪತ್ರೆಯಲ್ಲಿ ನನ್ನದು ಮುಗಿದ ಮೇಲೆ, ಬಂದದ್ದು ಬಂದಿದ್ದೀರಿ, ನೀವೂ ತೋರಿಸಿರಿ ಎಂದು ಕೂರಿಸಿದೆ. ಒಂದು ಯಂತ್ರದೊಳಗೆ ಮುಖವಿಟ್ಟು, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಬೇಕಿತ್ತು. ನಾನು ಹಿಂದೆ ನಿಂತು ಗುಂಡಿಯ ಸದ್ದು ಎಣಿಸುತ್ತಿದ್ದೆ. ನಡುನಡುವೆ ಸದ್ದು ನಿಂತೇ ಹೋಗುತ್ತಿತ್ತು.

ಗ್ಲಾಕೋಮಾ ಅಂದರು ಡಾಕ್ಟರು. ಕಣ್ಣಿನ ಒತ್ತಡ ಹೆಚ್ಚಿ ನರ ಸಾಯುತ್ತದೆ, ಕುರುಡು ಅಂಚಿನಿಂದ ಶುರುವಾಗಿ ನಡುವಿಗೆ ಬರುತ್ತದೆ, ನೋವಿರುವುದಿಲ್ಲವಾದ್ದರಿಂದ ಗೊತ್ತಾಗುವುದಿಲ್ಲ. ಹೋದದ್ದು ವಾಪಸು ಬರುವುದಿಲ್ಲ. ದಿನಾ ಹನಿ ಹಾಕಿದರೆ ಉಳಿದದ್ದನ್ನು ಕಾಯ್ದುಕೊಳ್ಳಬಹುದು. ಕಾರು ಓಡಿಸುವ ಹಾಗಿಲ್ಲ. ಯಂತ್ರದಿಂದ ಬಂದ ಕಾಗದವನ್ನು ಡಾಕ್ಟರು ನಿಮ್ಮಪ್ಪನ ಕೈಗೆ ಕೊಟ್ಟರು. ಎರಡು ದುಂಡನೆಯ ಚಿತ್ರ, ಅಂಚಿಗೆಲ್ಲ ಕಪ್ಪು. ಬದುಕಿಡೀ ಹೊಲದ ನಕಾಶೆ ಬರೆದವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. “ಇಷ್ಟೆಲ್ಲಾ ಹೋಗೇತೇನ್ರಿ?” ಎಂದು ಮೆಲ್ಲಗೆ ಕೇಳಿದರು. ನಾನು ಅವರ ಅಂಗಿಯ ತೋಳು ಹಿಡಿದುಕೊಂಡೆ, ಅಷ್ಟೇ.

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದರು. “ಸುರೇಖಾಗ ಹೇಳಬ್ಯಾಡ,” ಅಂದರು.

“ಯಾಕ್ರಿ?”

“ಆಕಿ ತುಂಬಿಸಿಕೊಂಡ ಫಾರಂ ಸುಳ್ಳಾಗತೈತಿ.” ಕಿಟಕಿಯ ಕಡೆ ತಿರುಗಿ ಮತ್ತೆ ಅಂದರು, “ನಾ ಸುಳ್ಳ ಬರದಿಲ್ಲ ಪಂಪಾ. ನನಗ ಕಂಬಾನ ಕಂಡಿತ್ತು.”

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಇವತ್ತು ಆ ಮಾತು ಮುರಿಯುತ್ತಿದ್ದೇನೆ. ನಿನ್ನ ಕೆಲಸ ಒಂದು ಕಾರಣ. ಇನ್ನೊಂದು, ಇದು ರಕ್ತದಲ್ಲಿ ಬರುವ ಬೇನೆಯಂತೆ, ಮಕ್ಕಳೂ ತೋರಿಸಿಕೊಳ್ಳಬೇಕು ಎಂದು ಡಾಕ್ಟರು ಎರಡೆರಡು ಸಲ ಹೇಳಿದ್ದಾರೆ. ಕಾರಿನ ಕೆಲಸ ಹಾಗಿರಲಿ, ಈ ವಾರವೇ ಕಣ್ಣು ತೋರಿಸಿಕೋ. ಆಮೇಲೆ ನೋಡೋಣ ಅನ್ನಬೇಡ.

ಕಾರು ಏನಾಯಿತು ಅಂತೀಯಾ? ಅಂಗಳದಲ್ಲಿ ಧೂಳು ತಿನ್ನುತ್ತಾ ನಿಂತದ್ದನ್ನು ನೋಡಲಾಗಲಿಲ್ಲ. ಇನ್ನೊಂದು ವರ್ಷಕ್ಕೆ ಸಾಲೆಯಿಂದ ನಿವೃತ್ತಿಯಾಗುವ ನಾನು ಬಸ್ ಸ್ಟ್ಯಾಂಡಿನ ಹತ್ತಿರ ಅಫ್ಸಾನಾ ನಡೆಸುವ ಡ್ರೈವಿಂಗ್ ಕ್ಲಾಸಿಗೆ ಹೆಸರು ಹಚ್ಚಿದೆ. ಆಕೆ ನನಗಿಂತ ಇಪ್ಪತ್ತು ವರ್ಷ ಸಣ್ಣವಳು, ಬಾಯಿ ಮಾತ್ರ ನಮ್ಮ ಹೆಡ್‌ಮಾಸ್ತರರದ್ದು. “ಟೀಚರ್, ಕ್ಲಚ್ಚಿನ ಮ್ಯಾಲಿಂದ ಕಾಲು ಸಾವಕಾಶ ತಗೀರಿ. ಅದೇನು ನಿಮ್ಮ ಸಾಲಿ ಹುಡುಗ ಅಲ್ರಿ, ಗದರಿಸಿದ್ರ ಕೇಳಾಕ,” ಎಂದು ಇಡೀ ರಸ್ತೆ ಕೇಳುವಂತೆ ಹೇಳುತ್ತಿದ್ದಳು. ಸೆಪ್ಟೆಂಬರ್ ಒಂದಕ್ಕೆ ಕೊಪ್ಪಳದಲ್ಲಿ ಪರೀಕ್ಷೆ ಪಾಸಾದೆ. ಹೋದ ಸೋಮವಾರ ಇಟಗಿಯ ಮಹಾದೇವನಿಗೆ ಹೋಗಿದ್ದೆವು ಎಂದಿದ್ದೆನಲ್ಲ, ಹೋದದ್ದು ನಿಜ. ಓಡಿಸಿದವಳು ನಾನು. ನಿಮ್ಮಪ್ಪ ಪಕ್ಕದಲ್ಲಿ ಕೂತು ಇಲ್ಲದ ಬ್ರೇಕನ್ನು ದಾರಿಯುದ್ದಕ್ಕೂ ಒತ್ತಿದರು.

ಹಾಗಾಗಿ ನಿನ್ನ ಪ್ರಶ್ನೆಗೆ ಉತ್ತರ ಹೇಳುವ ಹಕ್ಕು ಈಗ ನನಗೂ ಬಂದಿದೆ. ಹಳೆಯದಕ್ಕೇ ಹೊಸ ಬಣ್ಣ ಬಳಿದು ಹೊಸ ಹೆಸರಿಡಬೇಕು ಅನ್ನುವವರು ಕೆಲವರು, ಅದನ್ನು ಬಿಟ್ಟು ಎತ್ತರದ, ಗುಂಡಿಯ ಬದಲು ದೊಡ್ಡ ಟಚ್ ಪರದೆಯಿರುವ ಗಾಡಿ ಮಾಡಬೇಕು ಅನ್ನುವವರು ಕೆಲವರು ಎಂದಿದ್ದೆ. ನನಗೆ ಎರಡೂ ಬೇಡ ಅನ್ನಿಸುತ್ತದೆ. ಈ ಕಾರು ಬಂದಾಗ ನೀನು ಐದನೇ ಇಯತ್ತೆಯಲ್ಲಿದ್ದೆ, ಅವರಿಗೆ ನಲವತ್ತೈದು. ಅಂದು ಇದನ್ನು ಕೊಂಡವರೆಲ್ಲ ಇಂದು ನಮ್ಮ ಹಾಗೆ ಅರವತ್ತರ ಸುತ್ತಮುತ್ತ ಇದ್ದಾರೆ. ಕೂರುವಾಗ ಮೊಣಕಾಲು ಮಡಚಿ ಕೆಳಗೆ ಕುಸಿಯಬೇಕು, ಏಳುವಾಗ ಬಾಗಿಲು ಹಿಡಿದು ಜಗ್ಗಬೇಕು. ಸೀಟು ನಾಲ್ಕು ಬೆರಳು ಎತ್ತರವಾದರೆ ಸಾಕು, ಲಾರಿಯ ಹಾಗೆ ಹತ್ತುವಂತಾಗಬಾರದು. ಗಾಳಿಯ ಗುಂಡಿ, ದೀಪದ ಗುಂಡಿ ಕೈಗೆ ಸಿಗುವ ಹಾಗೆ ಇರಲಿ. ನಿಮ್ಮಪ್ಪ ಕಣ್ಣು ರಸ್ತೆಯಿಂದ ತೆಗೆಯದೆ ಅವನ್ನೆಲ್ಲ ತಿರುವುತ್ತಿದ್ದರು, ಪರದೆಯಾಗಿದ್ದರೆ ಇನ್ನೂ ಮೊದಲೇ ಅನಾಹುತವಾಗುತ್ತಿತ್ತು. ಕೆಟ್ಟರೆ ನಮ್ಮೂರ ಗ್ಯಾರೇಜಿನಲ್ಲೇ ಬಿಚ್ಚಿ ಜೋಡಿಸುವಂತಿರಲಿ. ಕಂಬವನ್ನೂ ತೆಳ್ಳಗೆ ಮಾಡಿರಿ, ಬೇಡ ಅನ್ನುವುದಿಲ್ಲ.

ಆದರೆ ಫಾರಂಗಳನ್ನು ಇನ್ನೊಮ್ಮೆ ಓದು. ಕಾಣುವುದಿಲ್ಲ, ಮೊಣಕಾಲು ನೋಯುತ್ತದೆ, ಕೈ ನಡುಗುತ್ತದೆ ಎಂದು ಯಾವ ಗಂಡಸೂ ಬರೆದಿರುವುದಿಲ್ಲ. ಕನ್ನಡಿ ಸಣ್ಣದು, ದೀಪ ಮಂದ, ಸ್ಟೇರಿಂಗು ಬಿಗಿ ಎಂದು ಬರೆದಿರುತ್ತಾರೆ.

ಅಪ್ಪನ ಉತ್ತರವನ್ನು ಮೊದಲ ಹಾಳೆಯಿಂದ ತೆಗೆದುಬಿಡು. ಜಾಗ ಸಾಲಲಿಲ್ಲ ಅಂತಲೋ ಏನೋ ಒಂದು ಕಾರಣ ನೀನೇ ಹೇಳು. ನಾನು ಬರೆದೆ ಎಂದು ಮಾತ್ರ ಅವರಿಗೆ ತಿಳಿಯುವುದು ಬೇಡ. ಈ ಪಾರ್ಸಲ್ಲಿನಲ್ಲಿ ಶೇಂಗಾ ಚಟ್ನಿ, ಅಗಸಿ ಚಟ್ನಿ ಇವೆ. ಮೊದಲು ಅಗಸಿಯದನ್ನು ಮುಗಿಸು.

ನಿನ್ನ ಅವ್ವ
ಪಂಪಾವತಿ

ವಿಶೇಷ ಸೂಚನೆ: ಸೋಮವಾರ ಬೆಳಿಗ್ಗೆ. ಲಕೋಟೆ ಅಂಟಿಸಿದ ಮೇಲೆ ಮನಸ್ಸು ತಡೆಯಲಿಲ್ಲ. ಹರಿದು ತೆಗೆದು, ನಿಮ್ಮಪ್ಪನ ಎದುರಿಗೆ ಕೂತು ಮೊದಲಿನಿಂದ ಕೊನೆಯವರೆಗೆ ಓದಿದೆ.  ಮಾತು ಮುರಿದದ್ದಕ್ಕೆ ಬಯ್ಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು. “ಆಕಿ ಕೈ ಎತ್ತಿದ್ದು ನೀ ನೋಡಿದ್ದೇನು?”

ನೋಡಿದ್ದೆ ಸುರೇಖಾ. ನಿನಗೂ ಬರೆಯದೆ ಬಿಟ್ಟದ್ದು ಇದೊಂದು. ಹುಲಗಮ್ಮ ಹೊಲದಿಂದ ಏರಿದ್ದು, ಕೈ ಎತ್ತಿದ್ದು, ಎಲ್ಲ ನನಗೆ ಚೆನ್ನಾಗಿ ಕಂಡಿತ್ತು. ಅವರೂ ನೋಡಿದ್ದಾರೆ ಅಂದುಕೊಂಡು ಬಾಯಿ ಬಿಡಲಿಲ್ಲ. ಏಳು ತಿಂಗಳಿಂದ ಇದು ನನ್ನ ಎದೆಯ ಮೇಲೆ ಕೂತಿದೆ. ಹೌದು ಎಂದು ಒಪ್ಪಿಕೊಂಡೆ.

ಪೆನ್ನು, ಹಾಳೆ ಕೇಳಿ ತರಿಸಿಕೊಂಡರು. ಆಮೇಲೆ ಅಂದರು, “ನೀ ಹೇಳಿದ್ರ ನಾ ಬೈತಿದ್ದೆ. ಗಾಡಿ ಹೊಡಿಯೂ ಮುಂದ ಮಾತಾಡಬ್ಯಾಡ ಅಂತ ಹದಿನೇಳು ವರ್ಷ ಬೈಕೋಂತನ ಬಂದೀನಿ. ಅದಕ್ಕ ನೀ ಹೇಳಲಿಲ್ಲ.”

ಉತ್ತರ ತೆಗೆಯುವುದು ಬೇಡವಂತೆ. ಆರನೇ ಉತ್ತರವನ್ನು ಈಗಷ್ಟೇ ಮತ್ತೆ ಬರೆದಿದ್ದಾರೆ, ಕಣ್ಣಿನ ವಿಷಯ, ಹುಲಗಮ್ಮನ ವಿಷಯ ಎಲ್ಲ ಹಾಕಿ, ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಮಾಡಿದ್ದಾರೆ. ದೊಡ್ಡವರ ಮುಂದೆ ಇದನ್ನೇ ಓದಬೇಕಂತೆ. ಹಾಳೆ ಇದರ ಜೊತೆಗಿದೆ. ಸಾಲುಗಳು ಓರೆಯಾಗಿವೆ, ಕೊನೆಯ ಅಕ್ಷರಗಳು ಹಾಳೆಯ ಅಂಚು ದಾಟಿ ಹೋಗಿವೆ. ಹಾಗೆಯೇ ತೋರಿಸು.