ಐದನೆಯ ರಕಾತ್

ಸೆಪ್ಟೆಂಬರ್ 1, ಸೋಮವಾರ, ಸಂಜೆ

ಇಸ್ತ್ರಿ ಮೆಷಿನ್ ಇವತ್ತೂ ಹಲ್ಲು ಕಚ್ಚಿಕೊಂಡು ನಿಂತಿತು. ಹೋಟೆಲಿನ ಬೆಡ್‌ಶೀಟು ಅರ್ಧ ಒಳಗೆ, ಅರ್ಧ ಹೊರಗೆ, ನಾಲಗೆ ಚಾಚಿದ ಹಾಗೆ. ಮೂವರು ಹೆಂಗಸರು ಎಳೆದು ಬಿಡಿಸಿದೆವು. ಅಂಗೈ ಉರಿ. ಈ ಲಾಂಡ್ರಿಯಲ್ಲಿ ಬೆಳ್ಳಗಾಗುವುದು ಬಟ್ಟೆ ಮಾತ್ರ.

ಮಧ್ಯಾಹ್ನದ ಬಿಡುವು ಅರ್ಧ ಗಂಟೆ. ಅದರಲ್ಲೇ ನಮಾಜ್, ಅದರಲ್ಲೇ ಊಟ. ನಮಾಜಿಗೆ ಮಾಲೀಕರೇ ಇಮಾಮ್. ಮುಂದೆ ನಿಂತು ನಡೆಸುವವರು ಅವರೇ, ಬೇರೆ ಯಾರೂ ನಿಲ್ಲುವಂತಿಲ್ಲ. ಅವರು ಬರುವವರೆಗೆ ಎಲ್ಲರೂ ಕೈಕಾಲು ತೊಳೆದು ಕೂತಿರಬೇಕು. ಕೂತೆವು. ಗೋದಾಮಿನ ಮುಂದಿನ ಅರ್ಧದಲ್ಲಿ ಗಂಡಸರು, ಪರದೆಯ ಹಿಂದೆ ನಾವು. ಮಾಲೀಕರು ಫೋನಿನಲ್ಲಿ. ಕಾಲು ಒಣಗಿತು, ಹೊಟ್ಟೆಯೂ ಒಣಗಿತು. ನಮಾಜ್ ಮುಗಿಯುವಾಗ ಕೆಲಸದ ಗಂಟೆ ಹೊಡೆಯಿತು. ಊಟದ ಡಬ್ಬಿ ಮುಚ್ಚಿದ್ದು ಮುಚ್ಚಿದ ಹಾಗೇ ಮನೆಗೆ ಬಂತು.

ದೇವರ ಕರೆಗೆ ಮಾಲೀಕರ ಪರವಾನಗಿ! ಇದಕ್ಕೆ ಭಕ್ತಿ ಅಂತ ಹೆಸರು ಬೇರೆ. ಥೂ.

ಹೊರಡುವಾಗ ಮಾಲೀಕರು ಕರೆದರು. "ಮುಂದಿನ ತಿಂಗಳಿಂದ ಇಸ್ತ್ರಿ ವಿಭಾಗಕ್ಕೆ ನೀನೇ ಹೆಡ್ಡು. ಪರ್ಮನೆಂಟೂ ಮಾಡ್ತೀನಿ." ಎದೆ ಧಸಕ್ ಅಂದಿತು, ಖುಷಿಗೆ. ಸುಳ್ಳು ಯಾಕೆ ಬರೆಯಲಿ. ಇವರು, ನನ್ನ ಗಂಡ, ಅದೇ ಲಾಂಡ್ರಿಯ ವ್ಯಾನ್ ಡ್ರೈವರ್. ದಾರಿಯುದ್ದಕ್ಕೂ ಒಂದೇ ರಾಗ.

"ದಮ್ಮಯ್ಯ ಅಂತೀನಿ, ಒಂದು ತಿಂಗಳು ಬಾಯಿಗೆ ಬೀಗ ಹಾಕ್ಕೋ."

"ಹಾಕ್ಕೋತೀನಿ. ಕೀಲಿ ಮಾತ್ರ ನಿಮ್ಮ ಕೈಗೆ ಕೊಡಲ್ಲ."

ಸೆಪ್ಟೆಂಬರ್ 3, ಬುಧವಾರ

ಮಾಲೀಕರು ಹಾಲ್ ಸುತ್ತಿದರು. ಮೆಷಿನ್ ನಿಲ್ಲಿಸಿ ಎಲ್ಲರೂ ಎದ್ದು ತಲೆ ತಗ್ಗಿಸಬೇಕು. ಇವರು ವ್ಯಾನಿನಿಂದ ಇಳಿದು ಬಗ್ಗಿದ್ದು ನೋಡಬೇಕಿತ್ತು... ನಮಾಜಿನಲ್ಲೂ ಆ ಸೊಂಟ ಅಷ್ಟು ಬಗ್ಗುವುದಿಲ್ಲ. ಮನೆಗೆ ಬಂದು ಅತ್ತೆಗೆ ಚಾಡಿ ಹೇಳಿದೆ. ಅತ್ತೆ ಮಗನ ಕಡೆ ತಿರುಗಿದರು.

"ಏನಪ್ಪಾ, ಸೊಂಟ ನೋವು, ನಮಾಜಿಗೆ ಕುರ್ಚಿ ಬೇಕು ಅಂತಿದ್ದೆ. ಮಾಲೀಕರನ್ನ ನೋಡಿದ ತಕ್ಷಣ ವಾಸಿ ಆಯ್ತಾ?"

"ಅಮ್ಮಾ, ಅದು ಮರ್ಯಾದೆ. ದೇವರಿಗೆ ಮಾಡೋ ಇಬಾದತ್ ಬೇರೆ."

"ಮರ್ಯಾದೆ ಕೊಡು, ಬೇಡ ಅಂದೋರ್ಯಾರು? ಆದ್ರೆ ನನ್ನ ಅನ್ನ ಇವರ ಕೈಲೇ ಇದೆ ಅಂತ ಒಳಗೊಳಗೇ ನಡುಗ್ತೀಯಲ್ಲ, ಆ ನಡುಕಾನೂ ಇಬಾದತ್ತೇ ಕಣೋ. ಅದನ್ನ ಕೊಡಬೇಕಾದವನು ಒಬ್ಬನೇ. ಅವನಿಗೆ ಪಾಲುದಾರರಿಲ್ಲ."

ಇವರು ತಟ್ಟೆಯೊಳಗೆ ಮುಖ ಹುದುಗಿಸಿದರು.

ಕಾರ್ಮಿಕ ಸಂಘದಲ್ಲಿ ಎಷ್ಟು ವರ್ಷ ಭಾಷಣ ಕೇಳಿದ್ದೇನೆ, ಮಾಡಿದ್ದೇನೆ. ಅಲ್ಲಾಹು ಅಕ್ಬರ್ ಅಂದರೆ ಅವನೇ ದೊಡ್ಡವನು. ಅಂದ ಮೇಲೆ ಉಳಿದ ಯಾವನೂ ದೊಡ್ಡವನಲ್ಲ. ಇದಕ್ಕಿಂತ ಖಾರವಾದ ಘೋಷಣೆ ನಾನು ಯಾವ ಮೆರವಣಿಗೆಯಲ್ಲೂ ಕೂಗಿಲ್ಲ. ಐದು ಹೊತ್ತು ಹೇಳುತ್ತೇವೆ. ಚಾಪೆ ಮಡಿಸುವಾಗ ಅದನ್ನೂ ಮಡಿಸಿಡುತ್ತೇವೆ.

ಸೆಪ್ಟೆಂಬರ್ 4, ಗುರುವಾರ

ಬರೆಯಲು ಕೂತರೆ ನಗು ಬರುತ್ತಿದೆ.

ಮಧ್ಯಾಹ್ನದ ನಮಾಜಿಗೆ ನಾಲ್ಕು ರಕಾತ್. ನಿಲ್ಲುವುದು, ಬಗ್ಗುವುದು, ಹಣೆ ನೆಲಕ್ಕಿಡುವುದು, ಹೀಗೆ ನಾಲ್ಕು ಸುತ್ತು. ಮಕ್ಕಳಿಗೂ ಗೊತ್ತು. ಮಾಲೀಕರ ಜೇಬಿನಲ್ಲಿ ಫೋನ್ ಗುಂಯ್ ಗುಂಯ್. ನಾಲ್ಕು ಮುಗಿಸಿ ಕೂರಬೇಕಾದವರು ಅಲ್ಲಾಹು ಅಕ್ಬರ್ ಎಂದು ಎದ್ದೇಬಿಟ್ಟರು. ಐದನೆಯದಕ್ಕೆ!

ಇಮಾಮ್ ತಪ್ಪಿದರೆ ಹಿಂದಿನವರು ತಿದ್ದಬೇಕು. ಗಂಡಸರಾದರೆ ಸುಬ್ಹಾನಲ್ಲಾಹ್ ಅನ್ನಬೇಕು. ಹೆಂಗಸರಾದರೆ ಬಲಗೈಯಿಂದ ಎಡಗೈಯ ಬೆನ್ನಿಗೆ ತಟ್ಟಬೇಕು. ಕಸ ಗುಡಿಸುವವನು ಸುಲ್ತಾನನನ್ನೂ ತಿದ್ದಬಹುದು, ನಿಯಮವೇ ಹಾಗಿದೆ.

ಕಾದೆ. ಒಂದೇ ಒಂದು ಸುಬ್ಹಾನಲ್ಲಾಹ್ ಇಲ್ಲ. ಪರದೆಯ ಅಡಿಯಿಂದ ಕಾಣುವ ಹಿಮ್ಮಡಿಗಳೆಲ್ಲ ಒಂದೊಂದಾಗಿ ಎದ್ದು ನಿಂತವು. ಪರದೆಯ ಪಕ್ಕದ ತೂತು ಸಾಕ್ಸ್ ಕೂಡ. ಆ ಸಾಕ್ಸ್ ನಮ್ಮ ಮನೆಯದು.

ಹೆಡ್ಡು, ಪರ್ಮನೆಂಟು, ಎರಡೂ ಕಣ್ಣ ಮುಂದೆ ಹಾದವು. ಕೂತೇ ಇದ್ದೆ. ನಾಲ್ಕು ರಕಾತ್ ದೇವರಿಗಾಯಿತು. ಗೊತ್ತಿದ್ದೂ ಎದ್ದರೆ, ಈ ಐದನೆಯದು ಯಾರಿಗೆ?

ತಟ್ಟಿದೆ. ಮೊದಲನೆಯದು ಪುಸಕ್. ಎರಡನೆಯದು ಒದ್ದೆ ಬೆಡ್‌ಶೀಟು ಒದರಿದ ಹಾಗೆ ಫಟ್!

ಮಾಲೀಕರು ಮೆಲ್ಲಗೆ ಕೂತರು. ಹಿಮ್ಮಡಿಗಳೂ ಕೂತವು. ಮರೆತು ತಪ್ಪಿದರೆ ಹೆಚ್ಚಿಗೆ ಎರಡು ಸಲ ಹಣೆ ನೆಲಕ್ಕಿಡಬೇಕು; ಆ ಎರಡು ಸಜ್ದಾ ಮಾಡಿ ಮುಗಿಸಿದರು. ಸರಿಯಾಗಿಯೇ ಮಾಡಿದರು, ಅದನ್ನೂ ಬರೆಯಬೇಕು. ಪಕ್ಕದಲ್ಲಿದ್ದ ಗುಂಡಿಯಮ್ಮ — ಸಮವಸ್ತ್ರಗಳಿಗೆ ಗುಂಡಿ ಹಾಕುವವಳು — ಕಿವಿಯಲ್ಲಿ, "ನಿನ್ನ ಹೆಡ್ಡು ಹೋಯ್ತು ಕಣೇ, ನಮಾಜ್ ಉಳೀತು" ಅಂದಳು.

ಮನೆಯಲ್ಲಿ ವಿಚಾರಣೆ ನಡೆಸಿದೆ.

"ಐದನೇದು ಅಂತ ನಿಮಗೆ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು."

"ಮತ್ತೆ?"

"ಎಲ್ಲರಿಗಿಂತ ಹಿರಿಯರು, ಬಾಯ್ಲರ್ ನೋಡ್ಕೊಳ್ಳೋ ಚಾಚಾ ಹೇಳ್ತಾರೇನೋ ಅಂತ ಕಾದೆ."

"ಚಾಚಾಗೇನಾಗಿತ್ತು?"

"ನಾನು ಹೇಳ್ತೀನೇನೋ ಅಂತ ಕಾದ್ರಂತೆ."

ಅತ್ತೆ ನಕ್ಕು ನಕ್ಕು ಕೆಮ್ಮಿದರು. ಇವರಿಗೆ ನಗು ಬರಲಿಲ್ಲ. ಊಟ ಅರ್ಧಕ್ಕೇ ಬಿಟ್ಟರು.

ಸೆಪ್ಟೆಂಬರ್ 6, ಶನಿವಾರ

ಕರೆ ಬಂತು. ಮಾಲೀಕರ ಮೇಜಿನ ಗಾಜಿನಲ್ಲಿ ಅವರ ಮುಖ ತಲೆಕೆಳಗಾಗಿ ಕಾಣುತ್ತಿತ್ತು. ಅದನ್ನೇ ನೋಡುತ್ತ ನಿಂತೆ.

"ಅಷ್ಟು ಜನರ ಮುಂದೆ ನನ್ನ ಮಾನ ತೆಗೆದ್ಯಲ್ಲಮ್ಮ."

"ಜನರ ಮುಂದೆ ಎಲ್ಲಿ ಸಾರ್? ಜನಕ್ಕೆ ನೀವು ಬೆನ್ನು ಹಾಕಿದ್ರಿ. ನಿಮ್ಮ ಮುಂದೆ ಇದ್ದವನು ಒಬ್ಬನೇ."

ಪೇಪರ್‌ವೇಟ್ ಆ ಕಡೆಯಿಂದ ಈ ಕಡೆ ಇಟ್ಟರು.

"ಹೆಡ್ ವಿಚಾರ ಆಮೇಲೆ ನೋಡೋಣ. ಸೋಮವಾರದಿಂದ ಹೆಂಗಸರು ಗೋದಾಮಿಗೆ ಬರೋದು ಬೇಡ. ಬಟ್ಟೆ ಮಡಿಸೋ ಕೋಣೇಲಿ ನೀವೇ ಮಾಡ್ಕೊಳ್ಳಿ."

"ಹೊತ್ತಿಗೆ ಸರಿಯಾಗಿ ಮಾಡ್ಕೋಬಹುದಾ ಸಾರ್?"

"ಯಾವಾಗ ಬೇಕಾದ್ರೂ ಮಾಡ್ಕೊಳ್ಳಿ! ಹೋಗಿ!"

ಶಿಕ್ಷೆ ಕೊಟ್ಟೆ ಅಂದುಕೊಂಡಿದ್ದಾರೆ, ಪಾಪ.

ಸೆಪ್ಟೆಂಬರ್ 8, ಸೋಮವಾರ

ಹೊತ್ತಾದ ತಕ್ಷಣ ನಿಂತೆವು. ಗುಂಡಿಯಮ್ಮ ಸಾಲಿನ ನಡುವೆಯೇ ನಿಂತು ನಡೆಸಿದಳು. ಭುಜಕ್ಕೆ ಭುಜ. ಸುತ್ತ ಮಡಿಸಿದ ಬಿಳಿ ಶೀಟುಗಳ ಗೋಡೆ. ಆಮೇಲೆ ಊಟ. ಬಿಸಿಯಾಗಿ! ಉಳಿದ ಹೊತ್ತು ಕಾಲು ಚಾಚಿ ಹರಟೆ. ಗಂಡಸರು ಗೋದಾಮಿನಲ್ಲಿ ಇನ್ನೂ ಕಾಯುತ್ತಿದ್ದರು.

ಸೆಪ್ಟೆಂಬರ್ 13, ಶನಿವಾರ

ಗಂಡಸರ ಹೊಟ್ಟೆ ಮಾತಾಡತೊಡಗಿದೆ. ಬಾಯ್ಲರ್ ಚಾಚಾ ಬಾಗಿಲಿಗೆ ಬಂದು, "ಒಂದು ತುತ್ತು ಉಳಿದಿದ್ಯಾ ತಾಯಿ?" ಅಂದರು. ಕೊಟ್ಟೆ. ಜೊತೆಗೆ, "ನಮಾಜಿನ ಹೊತ್ತು ಮಾಲೀಕರು ಮಾಡಿದ್ದಾ ಚಾಚಾ?" ಅಂತಲೂ ಕೊಟ್ಟೆ. ನುಂಗಿದರು, ಎರಡನ್ನೂ.

ಇವರನ್ನು ಇವತ್ತು ನೋಡಬೇಕಿತ್ತು. ಕನ್ನಡಿಯ ಮುಂದೆ ನಿಂತು ಮೆಲ್ಲಗೆ ಸುಬ್ಹಾನಲ್ಲಾಹ್, ಸುಬ್ಹಾನಲ್ಲಾಹ್ ಅನ್ನುತ್ತಿದ್ದರು. ಕಂಡೂ ಕಾಣದ ಹಾಗೆ ಒಳಗೆ ಹೋದೆ.

ಸೆಪ್ಟೆಂಬರ್ 16, ಮಂಗಳವಾರ, ಸಂಜೆ

ನಮ್ಮ ನಮಾಜ್ ಮುಗಿದು ಡಬ್ಬಿ ತೆರೆದಿದ್ದೆವು. ಬಾಗಿಲ ಸಂದಿಗೆ ಕಣ್ಣಿಟ್ಟಿದ್ದ ಗುಂಡಿಯಮ್ಮ, "ಬಾರೇ, ಬೇಗ ಬಾ!" ಅಂದಳು.

ಗೋದಾಮಿನಲ್ಲಿ ಚಾಚಾ ಎದ್ದು ನಿಂತು ಇಕಾಮತ್ ಕೂಗುತ್ತಿದ್ದಾರೆ, ಸಾಲು ಕಟ್ಟಿ ಅಂತ. ಮಾಲೀಕರು ಇನ್ನೂ ಬಂದಿಲ್ಲ! ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾರೆ. ಆಗ ತೂತು ಸಾಕ್ಸ್ ಮುಂದೆ ಬಂತು. ನನ್ನ ಗಂಡ. ಅಲ್ಲಾಹು ಅಕ್ಬರ್ ಅಂದ ದನಿ ಮೊದಲು ಒಡೆಯಿತು, ಆಮೇಲೆ ನಿಂತಿತು.

ಎರಡು ರಕಾತ್ ಆಗಿತ್ತು. ಮಾಲೀಕರು ಬಂದರು. ನೋಡಿದರು. ಫೋನ್ ಆಫ್ ಮಾಡಿದರು. ಜಾಗವಿದ್ದದ್ದು ಕೊನೆಯ ಸಾಲಿನ ತುದಿಯಲ್ಲಿ, ಚಪ್ಪಲಿಗಳ ಪಕ್ಕ. ಬಾಯ್ಲರ್ ಚಾಚಾ ಒಂದಿಷ್ಟು ಸರಿದರು. ಮಾಲೀಕರು ನಿಂತರು, ಚಾಚಾರ ಮಸಿ ಹಿಡಿದ ತೋಳಿಗೆ ತಮ್ಮ ಬಿಳಿ ತೋಳು ತಾಗಿಸಿ. ಡ್ರೈವರ್ ಬಗ್ಗಿದಾಗ ಬಗ್ಗಿದರು. ಡ್ರೈವರ್ ಹಣೆ ಇಟ್ಟಾಗ ಇಟ್ಟರು. ಎಲ್ಲರದೂ ಮುಗಿದ ಮೇಲೆ ತಪ್ಪಿಹೋದ ಎರಡನ್ನು ಒಬ್ಬರೇ ಎದ್ದು ಪೂರೈಸಿದರು, ಸುತ್ತ ಡಬ್ಬಿಗಳು ಟಣ್ ಟಣ್ ತೆರೆಯುವಾಗ.

ಸಂಜೆ ಹೊರಡುವಾಗ ಇವರನ್ನು ಆಫೀಸಿಗೆ ಕರೆದರು. ನಾನು ಒಬ್ಬಳೇ ಮನೆಗೆ ಬಂದೆ.

ಇಷ್ಟು ಬರೆಯುವಾಗಲೇ ಇವರ ವ್ಯಾನಿನ ಹಾರ್ನ್! ಬೀದಿಯಲ್ಲಿ ಎಂದೂ ಹಾರ್ನ್ ಹೊಡೆಯದ ಮನುಷ್ಯ. ಎದ್ದು ಓಡಿದೆ.

"ಏನಂದ್ರು?"

"'ನಾಳೆಯಿಂದ ನಾನು ತಡ ಮಾಡಿದ್ರೆ ನಮಾಜಿಗೆ ಕಾಯಬೇಡಿ' ಅಂದ್ರು. ನಿನ್ನ ಹೆಡ್ ಕೆಲಸ ಏನಾಯ್ತು ಅಂತಾನೂ ಕೇಳ್ದೆ."

"ನೀವು ಕೇಳಿದ್ರಾ? ನೀವು?"

"ನಾನೇ. ನೆಟ್ಟಗೆ ನಿಂತು."

"ಅದಕ್ಕೇನಂದ್ರು? ಹೇಳಿ ಅಂದ್ರೆ!"

ಇವರು ಅಂಗಿಯ ತೋಳು ಮಡಚುತ್ತ ನಲ್ಲಿಯ ಕಡೆ ಹೋದರು. "ಸಂಜೆ ನಮಾಜಿನ ಹೊತ್ತಾಯ್ತು. ಮುಗಿಸಿ ಹೇಳ್ತೀನಿ."

ಮೈಯೆಲ್ಲ ಉರಿಯಿತು. ಆಮೇಲೆ ನಗು ಬಂತು. ನಮಾಜಿನ ಹೊತ್ತು ಯಾರಿಗೂ ಕಾಯಬಾರದು ಅಂತ ಇಷ್ಟು ದಿನ ನಾನು ಕೂಗಿದ್ದನ್ನೇ ನನಗೆ ತಿರುಗಿಸಿ ಕೊಟ್ಟಿದ್ದಾರೆ! ಅವರು ಕೈಕಾಲು ತೊಳೆಯುವಷ್ಟರಲ್ಲಿ ಇಷ್ಟು ಗೀಚಿದೆ. ಅತ್ತೆ ಚಾಪೆ ಹಾಸಿಯಾಯಿತು. ಇವರು ಮುಂದೆ ನಿಂತು, ತಿರುಗಿ ನೋಡದೆ ಹೇಳುತ್ತಿದ್ದಾರೆ:

"ಸಂಜೆಗೆ ಮೂರೇ ರಕಾತ್. ನಾಲ್ಕನೇದಕ್ಕೆ ಎದ್ರೆ ತಟ್ಟು."

ತಟ್ಟದೆ ಬಿಡ್ತೀನಾ. ಕೈ ರೆಡಿ. ಪೆನ್ನು ಇಟ್ಟು—