ಮೋನಮ್ಮನ ಎರಡು ಸೀಸೆ

ಸುರಪುರ, ಸೋಮವಾರ, 11 ಫೆಬ್ರವರಿ 1952

ಮೈಯೆಲ್ಲ ಸೋತಿದೆ, ಆದರೂ ನಿದ್ದೆ ಹತ್ತುತ್ತಿಲ್ಲ. ದೇವಾಪುರದ ಕುರಿಗಾರರ ಮೋನಮ್ಮನನ್ನು ಎಲ್ಲರೆದುರು ಸುಳ್ಳುಗಾತಿ ಎಂದೆನಲ್ಲ, ಅದೇ ಕೊರೆಯುತ್ತಿದೆ.

ಸಕ್ಕರೆ ಕಾಯಿಲೆಯವಳು. ಮನೆಯಿಂದ ಸೀಸೆಯಲ್ಲಿ ತಂದ ಮೂತ್ರವನ್ನು ನೀಲಿ ಔಷಧದೊಡನೆ ಕಾಯಿಸಿದರೆ ನೀಲಿಯಾಗಿಯೇ ಉಳಿಯುತ್ತದೆ, ಅಂದರೆ ಸಕ್ಕರೆಯಿಲ್ಲ. ದವಾಖಾನೆಯಲ್ಲಿ ನನ್ನೆದುರು ಎರಡು ತಾಸು ಕೂರಿಸಿ ತೆಗೆದುಕೊಂಡರೆ ಇಟ್ಟಿಗೆಗೆಂಪು, ಅಂದರೆ ತುಂಬ ಸಕ್ಕರೆ. ಮೂರು ವಾರವೂ ಹೀಗೆಯೇ. ಇವತ್ತು ಕೂಗಾಡಿಬಿಟ್ಟೆ. "ಯಾರ ಉಚ್ಚಿ ತಂದೀಯಬೇ? ಬೆಲ್ಲ ತಿಂದು ಸುಳ್ಳ ಹೇಳಾಕತ್ತೀ?"

"ಬೀರಪ್ಪನ ಆಣಿರಿ, ಎರಡೂ ನಂದೇ," ಎಂದು ಅತ್ತಳು.

ಗದ್ದಲ ಕೇಳಿ ಡಾಕ್ಟರ್ ಸಾಹೇಬರು ಬಂದರು. "ಅಂಜಿದ್ರೂ ಸಕ್ಕರಿ ಏರ್ತದ, ಕಂಪೌಂಡರ್," ಎಂದರು. ಮಿದುಳಿನಿಂದ ಹೊರಟ ನರಗಳು ಹೊಟ್ಟೆಯೊಳಗಿನ ಮೇದೋಜೀರಕ ಗ್ರಂಥಿಯವರೆಗೂ ಹೋಗುತ್ತವಂತೆ. ಭಯದ ಸುದ್ದಿ ಮುಟ್ಟಿದ ಕೂಡಲೇ ಅಲ್ಲಿ ಸಕ್ಕರೆ ತಗ್ಗಿಸುವ ಇನ್ಸುಲಿನ್ ಮಾಡುವ ಜೀವಕಣಗಳು ಕೈ ಕಟ್ಟಿ ಕೂತುಬಿಡುತ್ತವಂತೆ. ಇಷ್ಟು ವರ್ಷ ಸೂಜಿ ಚುಚ್ಚಿದ ನನಗೆ ಇದು ಗೊತ್ತಿರಲಿಲ್ಲ.

"ಯಾತರ ಅಂಜಿಕಿ, ತಾಯಿ?" ಎಂದು ಅವರೇ ಕೇಳಿದರು.

ಕಣ್ಣೊರೆಸಿಕೊಂಡು ನನ್ನ ಕಡೆ ಬೊಟ್ಟು ಮಾಡಿದಳು. "ಇವರ ಅಂಗಿರಿ. ರಜಾಕಾರರ ಗಲಾಟಿ ವರ್ಷ ಇಂಥಾ ಅಂಗಿಯವರೇ ನಮ್ಮ ಮನಿ ಹೊಕ್ಕಿದ್ರು."

ಸಂತೆಯಲ್ಲಿ ಕೊಂಡ ಹಳೆಯ ಖಾಕಿ ಅಂಗಿ. ನನಗದು ಬರೀ ಬಟ್ಟೆಯಾಗಿತ್ತು.

ಬಿಳಿಯದು ಒಂದೇ ಇದೆ. ಒಗೆದು ಹಾಕಿದ್ದೇನೆ, ಬೆಳಗಾಗುವುದರೊಳಗೆ ಒಣಗುವುದಿಲ್ಲ. ನಾಳೆ ಸೂಜಿಗೆ ಅವಳು ಬರಬೇಕು. ಹಸಿಯದನ್ನೇ ತೊಟ್ಟು ನಿಲ್ಲುತ್ತೇನೆ. ಬಂದರೆ ಮೊದಲು ಎಲ್ಲರೆದುರೇ ತಪ್ಪಾಯಿತು ಎನ್ನುತ್ತೇನೆ, ಸೂಜಿ ಆಮೇಲೆ.